ನಲವತ್ತು ಪ್ರಶ್ನೆಗಳ ಗಂಡ

“ಎಡಗಡೆ,” ಎಂದ ರಿಫಾತ್.

“ತಪ್ಪು. ನಾನು ಮಲಗೋದು ಬಲಗಡೆ, ಕಿಟಕಿ ಪಕ್ಕ. ಬೆಳಗಿಂದ ಮೂರನೇ ಸಲ ಹೇಳ್ತಿದೀನಿ.” ಶಾಹಿನಾಜ್ ಹಾಳೆಯ ಮೇಲೆ ಪೆನ್ನು ಕುಟ್ಟಿದಳು. “ಮುಂದಿನದು. ನನಗೆ ಯಾವುದರ ಭಯ?”

“ಡಾಕ್ಟರ್ ಬುಸೈನಾ ಅವರದು.”

“ತಮಾಷೆ ಬೇಡ. ನಾಲ್ಕು ಗಂಟೆಗೆ ಬಂದುಬಿಡ್ತಾರೆ ಅವರು. ಲಿಫ್ಟಿನ ಭಯ. ಬರ್ಕೊಳ್ಳಿ.”

ಅವನು ವಿಧೇಯನಾಗಿ ಬರೆದುಕೊಂಡ. ಆಗಲೇ ಎರಡು ಹೊಡೆದಿತ್ತು.

ಈ ಕಾಲದ ಗಂಡಹೆಂಡಿರು ಒಬ್ಬರಿಗೊಬ್ಬರು ಎಷ್ಟು ಹತ್ತಿರ ಎಂದು ಅಳೆಯಲು ಅವಳೇ ಹೆಣೆದ ನಲವತ್ತು ಪ್ರಶ್ನೆಗಳು ಅವು. ಎರಡು ವರ್ಷದ ದುಡಿಮೆ. ಕೈರೋದ ಮುನ್ನೂರು ದಂಪತಿಗಳು ಒಪ್ಪಿ ಕೂತಿದ್ದರು. ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯ ಸಭೆಯಲ್ಲಿ ಅವಳು ಬಾಯಿ ಬಿಡದಿದ್ದರೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. “ನಾನು ಉತ್ತರಿಸದ ಪ್ರಶ್ನೆಯನ್ನ ಇನ್ನೊಬ್ಬರಿಗೆ ಕೇಳೋಲ್ಲ. ಮೊದಲು ನಾನೂ ನನ್ನ ಗಂಡನೂ ಕೂತ್ಕೋತೀವಿ,” ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಆಗಲಿ,” ಎಂದು ನಕ್ಕಿದ್ದರು ಸಮಿತಿಯ ಹಿರಿಯೆ ಬುಸೈನಾ. “ನಿಮ್ಮ ಯಜಮಾನ್ರು ನೈಲ್ ನದಿ ಮೊಸಳೆ ಇದ್ದ ಹಾಗೆ. ಇದೆ ಅಂತ ಎಲ್ರೂ ಹೇಳ್ತಾರೆ, ಕಂಡೋರು ಯಾರೂ ಇಲ್ಲ. ನಿಮ್ಮನೆಗೇ ಬಂದು ನೋಡ್ತೀನಿ.”

ನಲವತ್ತರಲ್ಲಿ ಮೂವತ್ತಾದರೂ ತಾಳೆಯಾಗಬೇಕು. ಆಗದಿದ್ದರೆ ಸಂಶೋಧನೆ ಬೇರೆಯವರ ಪಾಲು. ತನ್ನ ಮನೆಯನ್ನೇ ಅರಿಯದವಳು ಊರಿನ ಮನೆಗಳನ್ನು ಅಳೆಯಲು ಹೊರಟಳು ಎಂದು ವಿಭಾಗದವರೆಲ್ಲ ಆಡಿಕೊಳ್ಳುತ್ತಾರೆ.

ಸಭೆ ಮುಗಿದದ್ದೇ ಅವಳು ರಿಫಾತ್‌ಗೆ ಫೋನು ಮಾಡಿದ್ದಳು. “ಒಂದು ಗಂಟೆ ಮಟ್ಟಿಗೆ ನನ್ನ ಗಂಡ ಅಂತ ಕೂತ್ಕೋಬೇಕು. ಅಷ್ಟೇ.”

“ಆ ಕೆಲಸ ಮಾಡಿ ನನಗೆ ರೂಢಿ ಇಲ್ವಲ್ಲ, ಡಾಕ್ಟ್ರೇ.”

“ಕಲಿಸ್ತೀನಿ. ಬನ್ನಿ.”

ನಿನ್ನೆ ಮಧ್ಯಾಹ್ನ ಒಂದು ಪೆಟ್ಟಿಗೆ ಹಿಡಿದು ಬಂದಿದ್ದ. ಈ ಕಟ್ಟಡಕ್ಕೆ ಅವಳು ಬಂದದ್ದೇ ಕಳೆದ ಚಳಿಗಾಲದಲ್ಲಿ. ಬಾಗಿಲಲ್ಲಿ ಕಾವಲುಗಾರ ಶಿಹಾತಾ ಅಡ್ಡ ನಿಂತು, “ಯಾರ ಮನೆಗೆ ಸ್ವಾಮಿ?” ಎಂದು ತಡೆದ. ಅವಳು ಬಾಲ್ಕನಿಯಿಂದ ಬಗ್ಗಿ, “ನಮ್ಮನೆಗೇ, ಬಿಡು,” ಎನ್ನಬೇಕಾಯಿತು. ಶಿಹಾತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೀಸೆಯಡಿ ನಕ್ಕ. ರಿಫಾತ್ ಸೋಫಾದ ಮೇಲೆ ಮಲಗಿದ. ಅವಳು ಹೊದಿಕೆ ತಂದುಕೊಟ್ಟಳು.

“ಈಗ ನಿಮ್ಮ ಕಾಫಿ,” ಎಂದಳು. ಗಂಡನ ಸಾಲಿನಲ್ಲಿ ‘ಎರಡು ಚಮಚ ಸಕ್ಕರೆ’ ಎಂದು ಮೊದಲೇ ಬರೆದಿಟ್ಟಿದ್ದಳು.

“ಸಕ್ಕರೆ ಮುಟ್ಟಲ್ಲ ನಾನು.”

ಅವಳು ಅದನ್ನು ಹೊಡೆದುಹಾಕಿದಳು. ಊರಿಗೆಲ್ಲ ದಾಂಪತ್ಯದ ಪಾಠ ಹೇಳುವವಳು ಇಲ್ಲಿ ಗಂಡನಿಗೆ ಗಿಣಿಗೆ ಕಲಿಸಿದ ಹಾಗೆ ಕಲಿಸುತ್ತಿದ್ದಾಳೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದ್ದು ಕಪಾಟಿನಿಂದ ಬೆಳ್ಳಿಯ ಉಂಗುರ ತಂದುಕೊಟ್ಟಳು. ಅದು ಅವನ ಬೆರಳಿನ ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿ ತುರುಕಬೇಕಾಯಿತು.

“ಯಾವ ಸಣಕಲನ ಉಂಗುರ ಇದು?” ಎಂದ ಬೆರಳು ಉಜ್ಜಿಕೊಳ್ಳುತ್ತಾ. ಅವಳು ನಗಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಬಾಗಿಲ ಗಂಟೆ ಸದ್ದು ಮಾಡಿತು.

ಬುಸೈನಾ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಉತ್ತರ ಬರೆಸಿದರು. ಆಮೇಲೆ ನಡುಮನೆಗೆ ಕರೆದು, ಕನ್ನಡಕ ಏರಿಸಿಕೊಂಡು ತಾಳೆ ನೋಡಿದರು. ಲಿಫ್ಟು, ಸರಿ. ಬಲಗಡೆ, ಸರಿ. ಒಟ್ಟು ಮೂವತ್ತಾರು. ಶಾಹಿನಾಜ್ ಹಿಡಿದಿದ್ದ ಉಸಿರು ಬಿಟ್ಟಳು.

“ತುಂಬಾ ಚೆನ್ನಾಗಿದೆ,” ಎಂದರು ಬುಸೈನಾ. “ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಪಟ್ಟಿಯಲ್ಲಿ ಇಲ್ಲದ್ದು ಒಂದು ಕೇಳ್ಲಾ? ನಿಮ್ಮ ಹೆಂಡ್ತಿ ಅಳೋದು ಹೇಗೆ?”

ಇದನ್ನು ಶಾಹಿನಾಜ್ ಕಲಿಸಿರಲಿಲ್ಲ.

ರಿಫಾತ್ ಉಂಗುರ ತಿರುಗಿಸಲು ನೋಡಿದ. ಅದು ಅಲ್ಲಾಡಲಿಲ್ಲ. “ಇವಳು ಅಳಲ್ಲಮ್ಮ. ಅಳು ಬಂದ್ರೆ ಈರುಳ್ಳಿ ಹೆಚ್ಚೋಕೆ ಕೂತ್ಕೋತಾಳೆ, ಯಾರಿಗೂ ಗೊತ್ತಾಗಬಾರದು ಅಂತ. ಒಂದ್ಸಲ ಎರಡು ಕೆಜಿ ಹೆಚ್ಚಿದ್ಳು. ಒಂದು ವಾರ ಬರೀ ಈರುಳ್ಳಿ ಸುರಿದ ಕೊಶರಿ ಅನ್ನ ತಿಂದ್ವಿ.”

ಶಾಹಿನಾಜ್ ಥಟ್ಟನೆ ಅವನತ್ತ ತಿರುಗಿದಳು. ಆ ಈರುಳ್ಳಿಯ ವಿಷಯ ಅವಳು ಈ ಜನ್ಮದಲ್ಲಿ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

“ಎರಡು ಕೆಜಿನಾ?” ಬುಸೈನಾರ ದನಿ ಮೆತ್ತಗಾಯಿತು. “ಅವತ್ತು ಏನಾಗಿತ್ತು?”

ರಿಫಾತ್ ತಲೆ ತಗ್ಗಿಸಿದ.

“ಕಾಗದ ನೋಡಿಬಿಡಿ,” ಎಂದಳು ಶಾಹಿನಾಜ್ ಅವಸರದಿಂದ. ಮದುವೆ ಪತ್ರ ಪರೀಕ್ಷಿಸದೆ ಯಾವ ಜೋಡಿಯನ್ನೂ ಸೇರಿಸಬಾರದು ಎಂಬ ನಿಯಮವೂ ಅವಳದೇ. ಕಡತ ಬಿಚ್ಚಿ ಮುಂದಿಟ್ಟಳು. ಪತ್ರದಲ್ಲಿ ಅಂಟಿಸಿದ್ದ ಫೋಟೋವನ್ನು ಬುಸೈನಾ ನೋಡಿದರು, ಎದುರಿಗಿದ್ದವನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

ಹದಿನೇಳು ವರ್ಷ ಹಳೆಯ ಆ ಪತ್ರದಲ್ಲಿ, ಶಾಹಿನಾಜಳ ಸಹಿ ಮತ್ತು ಹೆಬ್ಬೆಟ್ಟಿನ ಗುರುತಿನ ಪಕ್ಕ, ತಲೆ ತುಂಬ ಕೂದಲಿದ್ದ ಸಣಕಲ ರಿಫಾತ್ ನಗುತ್ತಿದ್ದ. ಅವಳು ಎರಡು ಕೆಜಿ ಈರುಳ್ಳಿ ಹೆಚ್ಚಿದ್ದು ಮದುವೆಯ ನಾಲ್ಕನೇ ತಿಂಗಳಲ್ಲಿ, ಅವನನ್ನು ವರ್ಷಕ್ಕೆ ಹನ್ನೊಂದು ದಿನದ ಗಂಡನನ್ನಾಗಿ ಮಾಡಿದ ಕುವೈತಿನ ಕೆಲಸದ ವೀಸಾ ಕೈಸೇರಿದ ದಿನ.