ನಂದು, ನಿಂದು

ಸೋಫಾದ ಮೇಲೆ ಮಲಗಿದ್ದ ಗಂಡ ನಿದ್ದೆಯಲ್ಲಿ ಮತ್ತೆ ಹೆಸರು ಹಿಡಿದು ಕರೆದ. ಹೆಂಡತಿಯ ಹೆಸರಲ್ಲ.

"ನಂದು..."

ಸೌಟು ಹಿಡಿದೇ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಟಮಟ ಮಧ್ಯಾಹ್ನ. ಅವನ ಮಂಡಿಯ ಮೇಲೆ ಐಸಿನ ಚೀಲ, ಮುಖದ ಮೇಲೆ ಮಂದಹಾಸ. ಐಸು ಕರಗುತ್ತಿತ್ತು, ಮಂದಹಾಸ ಕರಗಲಿಲ್ಲ. "ನಂದು, ನಂದು!" ಎನ್ನುತ್ತ ಗಾಳಿಯಲ್ಲಿ ಕೈ ಚಾಚಿದ. ಅವಳನ್ನು ಅವನು ಇಷ್ಟು ಆಸೆಯಿಂದ ಎಂದೂ ಕರೆದವನಲ್ಲ. "ಏ" ಮತ್ತು "ಇಲ್ನೋಡು" ಎಂಬ ಎರಡು ಹೆಸರುಗಳಲ್ಲೇ ಸಂಸಾರ ಮಾಡಿಕೊಂಡು ಬಂದವಳು ಅವಳು.

ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ನಲ್ಲಿ ಬಿಟ್ಟು, ಊರಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು.

"ಯಾರೇ ಅದು ನಂದು?" ಎಂದಳು ಅಕ್ಕ.

"ಗೊತ್ತಿಲ್ಲ ಅಕ್ಕ. ಈ ಊರಲ್ಲಿ ಕನ್ನಡ ಮಾತಾಡೋರು ನಾವಿಬ್ಬರೇ ಅಂತಿದ್ರು."

"ಹಂಗಾದ್ರೆ ನಿನ್ ಗಂಡಂಗೆ ಎಣಿಸೋಕೆ ಬರಲ್ಲ."

"ಹೆದರಿಸ್ಬೇಡ ಕಣೇ!"

"ನಾನೆಲ್ಲಿ ಹೆದರಿಸ್ದೆ? ನೇರವಾಗಿ ಕೇಳು. ತಡವರಿಸಿದ್ರೆ ತಪ್ಪು ಮಾಡಿದಾನೆ ಅಂತ. ಪಟ್ ಅಂತ ಉತ್ತರ ಕೊಟ್ರೆ..."

"ಕೊಟ್ರೆ?"

"ಮೊದಲೇ ಅಭ್ಯಾಸ ಮಾಡ್ಕೊಂಡಿದಾನೆ ಅಂತ."

ಅಕ್ಕ ಕೊಡುವ ಧೈರ್ಯ ಯಾವಾಗಲೂ ಹೀಗೆಯೇ. ತಗೊಂಡವರಿಗೆ ಜ್ವರ ಏರುತ್ತದೆ.

ಜ್ವರಕ್ಕೆ ಕಾರಣವೂ ಇತ್ತು. ಈ ಪರದೇಶದ ಟೆನಿಸ್ ಕ್ಲಬ್ಬೊಂದು ತನ್ನ ತಂಡದಲ್ಲಿ ಲೀಗ್ ಆಡಲು ಗಂಡನನ್ನು ಕರೆಸಿಕೊಂಡಿತ್ತು. ಅವನ ಹಿಂದೆ ಅವಳು, ಕಾಲೇಜಿನ ಲ್ಯಾಬಿನ ಕೆಲಸ ಬಿಟ್ಟು ಬಂದಿದ್ದಳು. ವೀಸಾ ಅವನದು, ಇವಳದು ಅದಕ್ಕೆ ಕಟ್ಟಿದ ಬಾಲಂಗೋಚಿ. ಗಾಳಿಪಟವೇ ಪಕ್ಕದ ಮಾಳಿಗೆಗೆ ಹಾರಿದರೆ ಬಾಲಂಗೋಚಿಯ ಗತಿಯೇನು? ಟೆನಿಸ್‌ನಲ್ಲಿ ಲವ್ ಅಂದರೆ ಸೊನ್ನೆ ಎಂದು ಮದುವೆಯ ಹೊಸತರಲ್ಲಿ ಅವನು ಹೇಳಿಕೊಟ್ಟಾಗ ಬಿದ್ದೂ ಬಿದ್ದೂ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಅವನು ಎದ್ದ ಮೇಲೆ ಟೀ ಕೊಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೇಳಿದಳು.

"ರೀ, ನಂದು ಯಾರು?"

ಅವನು ತಡವರಿಸಲಿಲ್ಲ. ಗಹಗಹಿಸಿ ನಕ್ಕ.

"ಯಾರು ಅಂತಲ್ಲ ಕಣೇ, ಯಾರದು ಅಂತ ಕೇಳು! ಡಬಲ್ಸ್‌ನಲ್ಲಿ ಚೆಂಡು ಇಬ್ಬರ ಮಧ್ಯೆ ಬರುತ್ತೆ. ಯಾರು ಹೊಡೀಬೇಕು? 'ನಂದು' ಅಂತ ಕೂಗಿದೋರು. ಇಲ್ಲಾಂದ್ರೆ ಎರಡು ತಲೆ ಢೀ!"

"ಇಲ್ಲಿಯೋರಿಗೆ ಕನ್ನಡ ಹೇಗ್ರೀ ಗೊತ್ತಾಗುತ್ತೆ?"

"ಪಾರ್ಟ್ನರ್‌ಗೆ ನಾನೇ ಕಲಿಸಿದೀನಿ. ನಂದು, ನಿಂದು, ಎರಡೇ ಮಾತು. ಎದುರಾಳಿಗೆ ಅರ್ಥ ಆಗಬಾರ್ದಲ್ಲ? ತುಂಬಾ ಒಳ್ಳೇವ್ರು ಅವ್ರು. ಹೇಳಿದ ತಕ್ಷಣ ಕಲಿತ್ಬಿಟ್ರು."

ಅವ್ರು. ಆ ಬಹುವಚನ ಕೇಳಿದ್ದೇ ತಡ, ಬೊಕ್ಕತಲೆಯ ಹಿರಿಯರೊಬ್ಬರು ಅವಳ ಕಣ್ಣಿಗೆ ಕಟ್ಟಿದರು. ಎದೆಯ ಮೇಲಿನ ಬಂಡೆ ಇಳಿಯಿತು. ನಕ್ಕಳು, ನಗುತ್ತ ನಗುತ್ತ ಅತ್ತಳು.

"ನಾಳೆ ಮ್ಯಾಚು ಇದೇ ಊರಲ್ಲಿ ಅಲ್ವಾ? ನಾನೂ ಬರ್ತೀನಿ."

ಅವನಿಗೆ ಟೀ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡ. "ಬೇಡ ಮಾರಾಯ್ತಿ, ಬಿಸಿಲು. ತಲೆನೋವು ಬರ್ಸ್ಕೋತೀಯ."

ಎಷ್ಟು ಕಾಳಜಿ! ಅವಳು ವಾದಿಸಲಿಲ್ಲ. ಮರುದಿನ ಹೇಳದೆ ಹೋಗಿ ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಕುಳಿತಳು.

ಎರಡೂ ಕ್ಲಬ್ಬುಗಳು ಸಮಬಲವಾಗಿದ್ದವು. ಉಳಿದದ್ದು ಮಿಕ್ಸೆಡ್ ಡಬಲ್ಸ್ ಒಂದೇ. ಗಂಡ ಅಂಕಣಕ್ಕೆ ಬಂದ. ಹಿಂದೆಯೇ ಪಾರ್ಟ್ನರ್ ಬಂದರು.

ಆ ಬಹುವಚನಕ್ಕೆ ಉದ್ದನೆಯ ಜಡೆಯಿತ್ತು.

ಟೋಪಿಯ ನೆರಳಿನಲ್ಲಿ ಮುಖ ಕಾಣಲಿಲ್ಲ. ಮಿಕ್ಸೆಡ್ ಅಂದ ಮೇಲೆ ಹೆಂಗಸು ಇರಲೇಬೇಕಲ್ಲ, ನಿಯಮ ಮಾಡಿದ್ದು ಗಂಡನೇನೂ ಅಲ್ಲವಲ್ಲ ಎಂದು ಮನಸ್ಸಿನಲ್ಲೇ ಅವನ ಪರ ವಕಾಲತ್ತು ವಹಿಸಿದಳು. ವಕೀಲೆಗೇ ವಾದದಲ್ಲಿ ನಂಬಿಕೆಯಿರಲಿಲ್ಲ.

ಚೆಂಡು ಇಬ್ಬರ ನಡುವೆ ಬಂತು.

"ನಂದು!" ಎಂದು ಕೂಗಿದ ಗಂಡ.

ಅವಳ ಉಸಿರು ಮರಳಿತು. ನಿಜ, ನಿಜ, ಅವನು ಹೇಳಿದ್ದೆಲ್ಲ ನಿಜ! ಜಡೆಯವಳು ನುಗ್ಗಿ ಚೆಂಡನ್ನು ಬಾರಿಸಿದಳು. ಮತ್ತೆ ಚೆಂಡು, ಮತ್ತೆ "ನಂದು!", ಮತ್ತೆ ಬಾರಿಸಿದ್ದು ಜಡೆಯವಳೇ. ಪಾಪ, ಪರಭಾಷೆಯವಳು, ನಂದು ಯಾವುದು ನಿಂದು ಯಾವುದು ಅಂತ ಅದಲುಬದಲು ಮಾಡಿಕೊಂಡಿದ್ದಾಳೆ. ಅವನಾದರೂ ಎಂಥ ಧಾರಾಳಿ! ಮನೆಯಲ್ಲಿ ಟೀವಿಯ ರಿಮೋಟು ಬಿಟ್ಟುಕೊಡದವನು ಇಲ್ಲಿ "ನಂದು" ಎಂದು ಕೂಗಿದ್ದನ್ನೂ ಬಿಟ್ಟುಕೊಡುತ್ತಿದ್ದಾನೆ.

ಎದುರಾಳಿ ಹೊಡೆದ ಕೊನೆಯ ಚೆಂಡು ಬಲೆಗೆ ಸಿಕ್ಕಿಬಿತ್ತು. ಕ್ಲಬ್ಬು ಗೆದ್ದಿತು. ಇಬ್ಬರೂ ಅವಳಿಗೆ ಬೆನ್ನು ಹಾಕಿ ಎದುರಾಳಿಗಳ ಕೈ ಕುಲುಕುತ್ತಿದ್ದರು. ಹೆದರಿಕೆಯೆಲ್ಲ ಹೆಮ್ಮೆಯಾಗಿ ಉಕ್ಕಿ ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. ಈ ಗೆಲುವು ಯಾರದು? ಆ ಮನುಷ್ಯ ಯಾರ ಪಾಲಿನವನು? ಗಂಡನನ್ನು ತನ್ನದು ಎನ್ನುವುದು ವ್ಯಾಕರಣಕ್ಕೆ ಒಪ್ಪದಿದ್ದರೂ ಎದೆಗೆ ಒಪ್ಪಿತ್ತು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದಳು:

"ನಂದು!"

ಜಡೆಯವಳು ಗಕ್ಕನೆ ತಿರುಗಿ, ಟೋಪಿ ಮೇಲೆತ್ತಿ, ಅಚ್ಚ ಕನ್ನಡದಲ್ಲಿ ಕೇಳಿದಳು: "ಯಾರ್ರೀ ಅದು, ನನ್ನ ಕರ್ದಿದ್ದು?"