ಮನೆಯವರನ್ನು ಕೇಳಿದಿರಾ?

ನಡುರಾತ್ರಿ ಮೊಬೈಲು ಟಿಣ್ ಎಂದದ್ದಕ್ಕೆ ನಳಿನಿಗೆ ಎಚ್ಚರವಾಯಿತು. ಪಕ್ಕದಲ್ಲಿ ಗಂಡ ಎದ್ದು ಕೂತಿದ್ದ.

“ಏನ್ರೀ ಅದು?”

“ಬೈಬೇಡ ಕಣೇ. ಸೈಟಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿಸಿ, ನಿನಗೆ ಹೇಳದೆ ಬಿಟ್‌ಕಾಯಿನ್ ಕೊಳ್ಳೋಣ ಅಂತಿದ್ದೆ. ಈ ಎಐನ ಕೇಳಿದ್ರೆ, ಹತ್ತು ವರ್ಷದ ರೇಟು ಏರಿದ್ದು ಬಿದ್ದಿದ್ದು ಎಲ್ಲ ತೋರಿಸಿ, ಕೊನೆಗೆ ‘ಮನೆಯವರನ್ನು ಕೇಳಿದಿರಾ?’ ಅನ್ನುತ್ತೆ!”

“ಕೇಳಿ ಮತ್ತೆ.”

“ಕೊಳ್ಳಲಾ?”

“ಬೇಡ.”

“ಸರಿ, ಬಿಟ್ಟೆ. ನಿನ್ನ ಹಾಗೆ ಗದರಲ್ಲ ನೋಡು, ಎಷ್ಟು ನಯವಾಗಿ ಹೇಳುತ್ತೆ! ಅದಕ್ಕೆ ಪಾಠ ಹೇಳಿಕೊಟ್ಟ ಪುಣ್ಯಾತ್ಮ ಯಾರೋ, ಭಾರಿ ಬುದ್ಧಿವಂತ.”

ಹಳೆಯ ಬೆಲೆಗಳನ್ನು ಹುಡುಕಿ ತೋರಿಸಲೆಂದು ಎಐಗೆ ಕೊಟ್ಟ ಟೂಲನ್ನು ಅದು ಹೇಗೆ ಬಳಸಬೇಕೆಂಬ ಸೂಚನೆಗಳನ್ನು ತನ್ನ ಆಫೀಸಿನಲ್ಲಿ ಕೂತು ಬರೆದವಳು, ಆ ಕೊನೆಯ ಪ್ರಶ್ನೆಯನ್ನು ಸೇರಿಸಿದವಳು ತಾನೇ ಎಂದು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ನಳಿನಿ ಮುಸುಕೆಳೆದು ನಕ್ಕಳು.