ತೊಳೆದ ಬಂದೂಕು

ವಾಣಿಶ್ರೀ ಹಿತ್ತಲಿಗೆ ಬರುವ ಹೊತ್ತಿಗೆ ಅಜ್ಜಿ ಅವಳ ಬಂದೂಕನ್ನು ತೊಳೆದಾಗಿತ್ತು. ಅವತ್ತು ಆಯುಧಪೂಜೆ. ಮಚ್ಚು, ಕುಡುಗೋಲು, ಗುದ್ದಲಿ, ಅಣ್ಣ ಸಾಗರನ ಬೈಕು ಎಲ್ಲ ಮಿಂದು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಕುಂಕುಮ ಹಚ್ಚಿಸಿಕೊಂಡು, ಪಕ್ಕದಲ್ಲೊಂದು ನಿಂಬೆಹಣ್ಣು ಇಟ್ಟುಕೊಂಡು ಬಂದೂಕು ಮಲಗಿತ್ತು. ಅದು ರಟ್ಟಿನದು. ನೆಂದ ರೊಟ್ಟಿಯಂತೆ ಚಪ್ಪಟೆಯಾಗಿತ್ತು.

ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆಂದು ಮಾಡಿದ ಆ ಬಂದೂಕಿನ ವಿಷಯದಲ್ಲಿ ಅವಳು ವಹಿಸದ ಎಚ್ಚರವಿರಲಿಲ್ಲ. ಹುಣಸೂರಿನ ಅಂಗಡಿಯ ಪ್ಲಾಸ್ಟಿಕ್ ಬಂದೂಕು ತೀರಾ ನಿಜದಂತಿದೆ, ಜನ ಗಾಬರಿಯಾದಾರು ಎಂದು ಮೇಷ್ಟ್ರು ಬೇಡವೆಂದಿದ್ದಕ್ಕೆ ರಟ್ಟಿನದು ಮಾಡಿಸಿದ್ದಳು. ಠಾಣೆಗೆ ಹೋಗಿ "ನಮ್ಮೂರಲ್ಲಿ ಶೂಟಿಂಗ್ ಐತೆ ಸಾರ್" ಎಂದಿದ್ದಳು. ಪೇದೆ ದಡಕ್ಕನೆ ಎದ್ದು ನಿಂತ ಮೇಲೆ "ಸಿನಿಮಾದ್ದು" ಎಂದು ಸೇರಿಸಿ ಅರ್ಜಿ ಕೊಟ್ಟಿದ್ದಳು. ಗುರುಪುರದ ಬೀದಿಯ ತುದಿಗೆ ಬೋರ್ಡು ಕಟ್ಟಿದ್ದಳು: "ಸಿನಿಮಾ ನಡೆಯುತ್ತಿದೆ. ಬಂದೂಕು ಸುಳ್ಳು. ಯಾರೂ ಹೆದರಕೂಡದು." ಕೆಲಸ ಮುಗಿದೊಡನೆ ಬಂದೂಕು ಟ್ರಂಕಿಗೆ, ಟ್ರಂಕಿಗೆ ಬೀಗ. ಬಂದೂಕಿನಿಂದ ಊರನ್ನು ಕಾಪಾಡಲು ಎಲ್ಲ ಏರ್ಪಾಡೂ ಇತ್ತು. ಅಜ್ಜಿಯಿಂದ ಬಂದೂಕನ್ನು ಕಾಪಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ಮನೆಯ ಬೀಗದ ಕೈಗಳೆಲ್ಲ ಇರುವುದು ಅಜ್ಜಿ ಕೆಂಪಾಜಮ್ಮನ ಸೊಂಟದಲ್ಲಿ.

"ಅಜ್ಜೀ, ಕೊನೇ ಸೀನು ಬಾಕಿ ಐತೆ! ಸಂಜೆವೊಳ್ಗೆ ಕಾಲೇಜಿಗೆ ಕಳಿಸ್ಬೇಕು!" ವಾಣಿಶ್ರೀಗೆ ಅಳುವೇ ಬಂತು. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. "ರಟ್ಟಿಂದು ಅಂತ ಗೊತ್ತಿರ್ನಿಲ್ವಾ?"

"ಆಯುಧ ಅಂದ್ಮ್ಯಾಲೆ ತೊಳೀದಂಗೆ ಪೂಜೆ ಮಾಡಕಾಯ್ತದಾ?"

ಖಳನಾಯಕನ ಪಾತ್ರದ ಚಂದು ಮೀಸೆ ಅಂಟಿಸಿಕೊಂಡೇ ಬಂದ. ಬಂದೂಕನ್ನು ನೋಡಿದ. ಆಮೇಲೆ ಫಳಫಳ ಹೊಳೆಯುತ್ತಿದ್ದ ಮಚ್ಚನ್ನು ನೋಡಿದ.

"ಮಚ್ಚೈತಲ್ಲ ಬುಡು. ಕೊನೇ ಸೀನಲ್ಲಿ ಸಾಗರಣ್ಣನ್ನ ಅದ್ರಲ್ಲೇ ಸಾಯಿಸ್ತೀನಿ."

"ನಿಜವಾದ್ದು ಮುಟ್ಟಿದ್ರೆ ಸಿನಿಮಾನೇ ಬ್ಯಾಡ ಕಣೋ."

ಹೇಳಿದ ಮೇಲೆ ಅವಳಿಗೇ ಅರಿವಾಯಿತು: ಸಿನಿಮಾ ನಿಜವಾಗಿಯೂ ಇಲ್ಲವಾಯಿತು. ಚಂದು ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡ.

ಆಗ ಅವಳಿಗೆ ನಿನ್ನೆ ಸಂಜೆಯದು ನೆನಪಾಯಿತು. ಗುಂಡು ತಾಗಿ ಬೀಳುವುದನ್ನು ಸಾಗರ್ ಪಡಸಾಲೆಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದ. ಅಜ್ಜಿ ಮೂಲೆಯಲ್ಲಿ ರಾಗಿ ಕೇರುತ್ತಾ ಕೂತಿದ್ದಳು. ಅವನು ಬಿದ್ದಾಗಲೆಲ್ಲ ಮೊರ ನಿಲ್ಲುತ್ತಿತ್ತು, ಎದ್ದಾಗ ಮತ್ತೆ ಶುರುವಾಗುತ್ತಿತ್ತು.

"ಅಜ್ಜೀ, ನಿಜ ಹೇಳು. ಬೇಕೂಂತ ಮಾಡ್ದ್ಯಾ?"

ಕೆಂಪಾಜಮ್ಮ ಕರ್ಪೂರದ ತಟ್ಟೆಯನ್ನು ಒದ್ದೆ ಬಂದೂಕಿನ ಮುಂದೆ ಇನ್ನೊಂದು ಸುತ್ತು ಎತ್ತಿದಳು.

"ನಮ್ ಸಾಗರನ ಮೈಗೆ ತಾಗ್ಬ್ಯಾಡ ಕಣಪ್ಪ ಅಂತ ಕೈಮುಗ್ದೆ, ಅಷ್ಟೇಯ. ಇಷ್ಟ್ ಜಲ್ದಿ ಕೇಳ್ತದೆ ಅಂತ ನಂಗೇನವ್ವ ಗೊತ್ತಿತ್ತು?"